ಹಿಂದಿನ ಸಂಜೆಯೇ ಹೊರಟ ಚೀಲ

ಮಂಡಿಪೇಟೆಗೆ ಈರುಳ್ಳಿ ಸಾಗಿಸುವ ಲಗೇಜ್ ಆಟೊವನ್ನು ಬಹಳ ವರ್ಷ ಓಡಿಸಿದವಳು ನಾನು. ಓದು ಮೂರನೇ ಕ್ಲಾಸಿಗೇ ನಿಂತಿತು. ಗಾಡಿ ಮಾರಿ ಹರಿಹರದ ಮನೆಯಲ್ಲಿ ಕೂತ ಮೇಲೆ ಬೇಸರ ಬಂತು. ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿಗೆ ಸಂಬಳವಿಲ್ಲದ ಡ್ರೈವರ್ ಬೇಕೆಂದು ಕೇಳಿ, ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಆಫೀಸಿಗೆ ಹೋದೆ.

"ಪೇಶೆಂಟ್ ನೀವೇ ಏನಜ್ಜಿ?" ಎಂದ ಅಲ್ಲಿದ್ದವನು.

"ಡ್ರೈವರ್ ಕಣಪ್ಪ. ಲೈಸೆನ್ಸ್ ನೋಡು."

ಎರಡು ಸಲ ನೋಡಿದ. ಬಡಾವಣೆ ಸುತ್ತ ಓಡಿಸಿ ತೋರಿಸಿದ ಮೇಲೆ ಕೀ ಕೊಟ್ಟ.

ನಮ್ಮ ಹಿಂದಿನ ಬೀದಿಯವರೇ ಮೊದಲ ರೋಗಿ. ಗಿರಣಿ ಕೆಲಸದಲ್ಲಿದ್ದವರು, ಕಿಡ್ನಿ ಕೆಟ್ಟಿತ್ತು. ಸೋಮವಾರ ಎಂಟೂವರೆಗೆ ದಾವಣಗೆರೆಯಲ್ಲಿ ಡಯಾಲಿಸಿಸ್. ತಡವಾದರೆ ಮಂಚ ಇನ್ನೊಬ್ಬರಿಗೆ.

ಮೊದಲ ಸೋಮವಾರ ಅವರ ಹೆಂಡತಿ ಬಾಗಿಲಿಗೇ ಅಡ್ಡ ನಿಂತಳು.

"ರಾಹುಕಾಲ ಐತೆ ಅಕ್ಕಾ. ಒಂಬತ್ತಕ್ಕೆ ಹೊಂಡ್ರಿ."

"ಮಂಚ ಹೋಗ್ತೈತವ್ವ."

"ಕೆಟ್ಟ ಗಳಿಗ್ಯಾಗೆ ಕಳ್ಸಿ, ಏನಾರ ಆದ್ರೆ ನಾ ಏನ್ ಮಾಡ್ಲಿ?"

ಒಂಬತ್ತಕ್ಕೆ ಹೊರಟೆವು. ಮಂಚ ಹೋಗಿತ್ತು. ಅವರು ಸಂಜೆವರೆಗೆ ಕುರ್ಚಿಯಲ್ಲಿ ಕಾದರು. ವಾಪಸ್ ಬರುವಾಗ ಉಸಿರು ಎಳೆಯುತ್ತಿದ್ದರೇ ಹೊರತು ಒಂದು ಮಾತೂ ಆಡಲಿಲ್ಲ.

"ಆ ಮನೆ ಬಿಟ್ಬಿಡ್ರಿ, ಬೇರೆಯವ್ರು ಕಾಯ್ತಿದಾರೆ" ಎಂದರು ಆಫೀಸಿನವರು. ನಾನು ಬಿಟ್ಟರೆ ಬಸ್ಸೇ ಗತಿ, ಅದನ್ನು ಹತ್ತುವ ಶಕ್ತಿ ರೋಗಿಗೆ ಇರಲಿಲ್ಲ. ಅಂದರೆ ಸಾಯುವುದೇ. ಇನ್ನೊಂದು ಸೋಮವಾರ ನೋಡುತ್ತೇನೆ ಎಂದೆ.

ನನಗೆ ರಾಹುಕಾಲದ ನಂಬಿಕೆಯಿಲ್ಲ. ಆದರೆ ಆಕೆಯ ಹತ್ತಿರ ವಾದ ಗೆದ್ದು ಏನಾಗಬೇಕು? ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲಿ ಒಂದು ಗಂಟನ್ನು ಮೊದಲೇ ಬೇರೆ ಮನೆಯಲ್ಲಿಟ್ಟು ಬರುವುದು ನಮ್ಮಲ್ಲಿದೆ. ಪ್ರಸ್ಥಾನ ಎನ್ನುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದಂತೆ. ಭಾನುವಾರ ಸಂಜೆ ಆರು ದಾಟಿದ ಮೇಲೆ ಹೋಗಿ, "ಅವರ ಚೀಲ ಕೊಡವ್ವ, ನಮ್ಮನ್ಯಾಗೆ ಪ್ರಸ್ಥಾನ ಇಡ್ತೀನಿ" ಎಂದೆ. ಆಕೆ ಕ್ಯಾಲೆಂಡರ್ ನೋಡಿದಳು, ನನ್ನನ್ನು ನೋಡಿದಳು. ಹೊದಿಕೆ, ಫೈಲು ತುಂಬಿ, ಮೇಲೆ ಎಲೆ ಅಡಿಕೆ ಇಟ್ಟು ಕೊಟ್ಟಳು.

ಮರುದಿನ ಎಂಟಕ್ಕೆ ಕಾಲು ಗಂಟೆ ಇರುವಾಗ ಹೋದೆ. ರಾಹುಕಾಲವೇ. ಆಕೆ ಗಂಡನನ್ನೇ ಗದರುತ್ತಿದ್ದಳು: "ನಿನ್ನೇನೇ ಹೊಂಟೀರಲ್ಲ, ಇನ್ನೇನ್ ನಿಂತೀರಿ? ನಡೀರಿ!"

"ಚೀಲದ ಜೊತೆ ನನ್ನೂ ಕಳ್ಸಿದ್ರೆ ನಿನ್ನ ಗೊರಕೆ ತಪ್ತಿತ್ತು" ಎಂದರು ಅವರು.

ಎಂಟೂವರೆಗೆ ಮಂಚದ ಮೇಲಿದ್ದರು. ಮಧ್ಯಾಹ್ನ ವಾಪಸ್ ಹೊರಟಾಗ ಮುಂದಿನ ಸೀಟಿನಲ್ಲೇ ಕೂತರು. ಕ್ಲಚ್ ಮೇಲೆ ಕಾಲಿಡಬೇಡಿ, ಲಾರಿ ಹಿಂದೆ ಅಂಟಬೇಡಿ ಎಂದು ಹರಿಹರದವರೆಗೂ ನನಗೆ ಡ್ರೈವಿಂಗ್ ಕಲಿಸಿದರು. ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ. ಬೈಯಬೇಕೆನಿಸಿತು. ಮಾತಾಡುವಷ್ಟು ಉಸಿರು ಬಂದಿದೆಯಲ್ಲ ಎಂದು ಸುಮ್ಮನೆ ಓಡಿಸಿದೆ.