ಲಟ್ಟಣಿಗೆಯ ಮೀನು

ಪ್ರಕೃತಿಯ ನಡುವೆ ನಿಂತಾಗ ಮನುಷ್ಯನ ಅಹಂಕಾರ ತಾನಾಗಿ ಕರಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಾನು ನಿಂತ ಜಾಗದಲ್ಲಿ ಕರಗಿದ್ದು ಏನೂ ಇಲ್ಲ. ಎಡಗಾಲು ಮೊಣಕಾಲಿನವರೆಗೆ ಹೂತುಹೋಯಿತು. ಎಳೆದುಕೊಂಡಾಗ ಚಪ್ಪಲಿ ಒಳಗೇ ಉಳಿದು, ಅದರ ಬದಲಿಗೆ ಕೊಳೆತ ಮೊಟ್ಟೆಯ ನಾತವೊಂದು ಮೇಲಕ್ಕೆ ಬಂತು.

ಜಾಗ ಯಾವುದೆಂದರೆ, ದುಬೈಯಿಂದ ಅಬುಧಾಬಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸಮುದ್ರ ಒಳಗೆ ನುಗ್ಗಿ ಬಂದ ಒಂದು ಹಿನ್ನೀರು. ಭರತದಲ್ಲಿ ಸೊಂಟದವರೆಗೆ, ಇಳಿತದಲ್ಲಿ ಮೊಣಕಾಲಿನವರೆಗೆ ನೀರು. ನಮ್ಮ ಕಡೆಯವರು ಅದನ್ನು ಹೊಳೆ ಎಂದೇ ಕರೆಯುತ್ತಿದ್ದರು. ಅದರಲ್ಲಿ ಸಿಹಿನೀರಿನ ಒಂದು ಹನಿಯೂ ಇರಲಿಲ್ಲ, ಆದರೆ ಪರದೇಶದಲ್ಲಿ ಹೊಳೆ ಬೇಕು ಅನ್ನಿಸಿದವನು ಅಷ್ಟೆಲ್ಲ ವಿಚಾರಿಸುವುದಿಲ್ಲ. ದಡದಲ್ಲಿ ಪ್ಲಾಸ್ಟಿಕ್ ಚೀಲಗಳು, ಮಕ್ಕಳಿಗೆ ಕಟ್ಟಿ ಬಿಸಾಡಿದ ಡೈಪರುಗಳು, ಅರ್ಧ ಸುಟ್ಟ ಕೋಳಿಯ ಮೂಳೆಗಳು. ನೀರಿನೊಳಗೆ ಹಸಿರು ಪಾಚಿ. ಅದು ಕಾಲಿಗೆ ಸುತ್ತಿಕೊಳ್ಳುವಾಗ ಯಾರದೋ ತಲೆಕೂದಲು ಸುತ್ತಿಕೊಂಡ ಹಾಗೆ.

ನಾನು ಕರಾವಳಿಯವನು ಹೌದು. ಆದರೆ ಮೀನಿನ ಬಗ್ಗೆ ನನಗಿದ್ದ ಜ್ಞಾನ ಇಷ್ಟೇ: ಅದಕ್ಕೆ ಎರಡು ಮಗ್ಗುಲು ಇರುತ್ತವೆ, ಎರಡನ್ನೂ ಹುರಿಯಬೇಕು. ಅದು ಕಾವಲಿಗೆ ಬರುವ ಮೊದಲು ಎಲ್ಲಿತ್ತು, ಹೇಗೆ ಸತ್ತಿತು ಎಂಬುದು ನನ್ನ ವಿಷಯವಾಗಿರಲಿಲ್ಲ. ವಿಷಯವಾಗುವಂತೆ ಮಾಡಿದವರು ದುಬೈಯ ಅಲ್ ಬರ್ಷಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ನಮಗಿಂತ ಎರಡು ಮಹಡಿ ಕೆಳಗಿದ್ದ ಕೊಂಕಣಿ ಕ್ರೈಸ್ತರೊಬ್ಬರು. ಒಂದು ದೊಡ್ಡ ಹೋಟೆಲಿನ ಅಡುಗೆಮನೆಯ ಉಗ್ರಾಣವನ್ನು ಮೂವತ್ತು ವರ್ಷ ನೋಡಿಕೊಂಡವರು. ಅವರನ್ನು ನಾನು ಗುರುಗಳು ಎನ್ನುತ್ತಿದ್ದೆ. ಮೊದಲು ತಮಾಷೆಗೆ, ಆಮೇಲೆ ಬೇರೆ ದಾರಿಯಿಲ್ಲದೆ.

ಶುಕ್ರವಾರ ರಜೆಯಿದ್ದ ವರ್ಷಗಳು ಅವು. ಒಂದು ದಿನ ಲಿಫ್ಟಿನಲ್ಲಿ ಅವರು ತಮ್ಮ ಚೀಲದಿಂದ ಒಂದು ವಸ್ತು ತೆಗೆದು ತೋರಿಸಿದರು. ಗಾಳದ ದಾರಕ್ಕೆ ಕಟ್ಟುವ, ಗೇಣುದ್ದದ ಮರದ ಮೀನು. ಹೋಟೆಲಿನಲ್ಲಿ ಮುರಿದು ಎಸೆದಿದ್ದ ಲಟ್ಟಣಿಗೆಯನ್ನು ತಂದು, ಬೇಸಿಗೆಯಿಡೀ ಬಾಲ್ಕನಿಯಲ್ಲಿ ಕೂತು ಕೆತ್ತಿದ್ದಂತೆ. ಹೊಟ್ಟೆಯಲ್ಲಿ ಸೀಸ, ಬದಿಗೆ ಬೆಳ್ಳಿ ಬಣ್ಣ, ಕೆಳಗೆ ಎರಡು ಕಡೆ ಮೂರು ಮೊನೆಯ ಕೊಕ್ಕೆ.

"ನೀರಿಗೆ ಹಾಕಿದ್ದೀರಾ?" ಎಂದು ಕೇಳಿದೆ.

"ಹಾಕ್ಲಿಕ್ಕೆ ಕೈ ಎಲ್ಲುಂಟು ಮಾರಾಯ್ರೆ? ಭುಜದ ಆಪರೇಷನ್ ಆದ ಮೇಲೆ ಕೈ ಇಷ್ಟೇ ಏಳೂದು." ಅವರು ಕೈಯನ್ನು ಎದೆಯವರೆಗೆ ಎತ್ತಿ ತೋರಿಸಿದರು. "ಫೆಬ್ರವರಿ ಕಡೆಗೆ ವೀಸಾ ಕ್ಯಾನ್ಸಲ್. ಏಳು ಶುಕ್ರವಾರ ಉಂಟು. ನೀವು ಬಿಸಾಡ್ಬೇಕು."

"ಊರಿಗೆ ಹೋಗಿ ನಿಧಾನಕ್ಕೆ ನೋಡಬಹುದಲ್ಲ. ಅಲ್ಲಿ ಹೊಳೆ ಇಲ್ವಾ?"

"ಅಲ್ಲಿ ಬರಾಕುಡಾ ಮೀನು ಹೀಗೆ ಮೊಣಕಾಲು ನೀರಿಗೆ ಬರೂದಿಲ್ಲ. ಇದು ಇಲ್ಲಿಯ ಮೀನಿಗೇ ಅಂತ ಮಾಡಿದ್ದು. ಇಲ್ಲಿ ಅದು ಬಂದು ಕಚ್ಚಿದ್ರೆ ಇದು ಮೀನು. ಇಲ್ಲದಿದ್ರೆ ಇದು ಲಟ್ಟಣಿಗೆಯೇ."

"ಬೇರೆ ಯಾರನ್ನಾದರೂ ಕೇಳಿ."

"ಬೇರೆಯವ್ರಿಗೆ ಶುಕ್ರವಾರ ಎಂತಾದ್ರೂ ಕೆಲಸ ಇರ್ತದೆ. ನಿಮಗೆ ಎಂತ ಉಂಟು?"

ನನಗೆ ಏನೂ ಇರಲಿಲ್ಲ. ಹತ್ತು ಗಂಟೆಯವರೆಗೆ ಮಲಗುವುದಿತ್ತು. ಅದನ್ನು ಕೆಲಸವೆಂದು ಹೇಳುವ ಧೈರ್ಯ ಬರಲಿಲ್ಲ.

ಹೀಗೆ ನಾನು, ಐವತ್ತು ಸಮೀಪಿಸಿದ, ತಂಪು ಕೋಣೆಯಲ್ಲಿ ಕೂತು ದಪ್ಪಗಾದ ಮನುಷ್ಯ, ಸರಕಾರಿ ಪರವಾನಗಿ ಪಡೆದು ಮೀನು ಹಿಡಿಯಲು ಹೊರಟೆ. ಹಿಡಿಯಬೇಕಾದದ್ದು ಬರಾಕುಡಾ. ಅದು ಕೋಲಿನಂತೆ ಉದ್ದವಾದ ಮೀನು. ಕೆಳದವಡೆ ಮುಂದಕ್ಕೆ ಚಾಚಿರುತ್ತದೆ, ಬಾಯಿ ಮುಚ್ಚಿದಾಗಲೂ ಹಲ್ಲು ಹೊರಗೆ. ಅದರ ಕಣ್ಣು, ನಿಮ್ಮ ಅರ್ಜಿಯಲ್ಲಿ ಒಂದು ಮೊಹರು ಕಡಿಮೆಯಿದೆ ಎಂದು ಕಂಡುಹಿಡಿದ ಗುಮಾಸ್ತನ ಕಣ್ಣು.

ವಿಧಾನ ಸರಳ. ಗಾಳದ ಕೋಲಿನಿಂದ ಮರದ ಮೀನನ್ನು ದೂರಕ್ಕೆ ಎಸೆಯಬೇಕು, ದಾರ ಸುತ್ತುವ ರೀಲು ತಿರುಗಿಸಿ ಎಳೆದುಕೊಳ್ಳಬೇಕು. ಮತ್ತೆ ಎಸೆಯಬೇಕು. ಮನುಷ್ಯನಾಗಿ ಹುಟ್ಟಿದ್ದಕ್ಕೆ ಹೇಸಿಗೆಯಾಗುವವರೆಗೆ ಎಸೆಯಬೇಕು. ಮರದ ಮೀನು ಬಿದ್ದ ಜಾಗದಲ್ಲೇ ಬರಾಕುಡಾ ಕಚ್ಚುವುದಿಲ್ಲ. ಹಿಂದಿನಿಂದ ಬರುತ್ತದೆ, ನಿಮ್ಮ ಕಾಲಬುಡದವರೆಗೂ ಬರುತ್ತದೆ, ಬಂದು ನೋಡುತ್ತದೆ. ಆಗ ಮರದ ಮೀನು ಇನ್ನಷ್ಟು ಜೋರಾಗಿ ಓಡಬೇಕು, ಕೋಲಿನ ತುದಿಯನ್ನು ನೀರಿಗಿಳಿಸಿ ಕಾಲಿನ ಎದುರೇ ಅದನ್ನು ಗಕ್ಕನೆ ತಿರುಗಿಸಬೇಕು. ಓಡಿಹೋಗುವುದನ್ನು ಕಂಡರೆ ಮಾತ್ರ ಅದಕ್ಕೆ ಸಿಟ್ಟು ಬರುವುದು. ನಿಂತದ್ದನ್ನು ಅದು ಮುಟ್ಟುವುದಿಲ್ಲ.

ಮೊದಲ ಎರಡು ಶುಕ್ರವಾರ ಮೀನು ಬರಲಿಲ್ಲ. ಉಳಿದದ್ದೆಲ್ಲ ಬಂತು. ಪಾಚಿ ಬಂತು, ಒಂದು ಬನಿಯನ್ ಬಂತು, ಸತ್ತ ಏಡಿ ಬಂತು. ಗುರುಗಳು ದಡದಲ್ಲಿ ಮಡಚುವ ಸ್ಟೂಲಿನ ಮೇಲೆ ಕೂತು ಪ್ರತಿ ಅರ್ಧ ಗಂಟೆಗೊಮ್ಮೆ ಮರದ ಮೀನನ್ನು ತರಿಸಿಕೊಂಡು ಅದಕ್ಕೆ ಬೂತಾಯಿ ಮೀನಿನ ಎಣ್ಣೆ ಸವರುತ್ತಿದ್ದರು. ಆ ಎಣ್ಣೆಯನ್ನು ಊರಿಂದ ಬಾಟಲಿಯಲ್ಲಿ ತರಿಸಿದ್ದರು. ಹಡಗು ಮುಳುಗಿ ತಿಂಗಳಾದ ಮೇಲೆ ಅದರ ಉಗ್ರಾಣ ತೆರೆದರೆ ಬರಬಹುದಾದ ವಾಸನೆ ಅದಕ್ಕಿತ್ತು. ಸವರಿದ ಅದೇ ಕೈಯಲ್ಲಿ ಅವರು ಬೇಯಿಸಿದ ಮೊಟ್ಟೆ ಸುಲಿದು, ಅರ್ಧವನ್ನು ನನಗೆ ಕೊಡುತ್ತಿದ್ದರು. ಗುರುಪ್ರಸಾದವನ್ನು ನಿರಾಕರಿಸುವ ಹಾಗಿರಲಿಲ್ಲ. ಗಿಡದ ಮರೆಗೆ ಹೋಗಿ ಎಸೆದೆ. ಬಂದ ಕಾಗೆ ಕೂಡ ಒಮ್ಮೆ ಮೂಸಿ ಯೋಚಿಸಿತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದಳು. "ಬಟ್ಟೆ ಅಲ್ಲೇ ತೆಗೀರಿ. ನೀವು ಒಳಗೆ ಬರ್ಬಹುದು, ಅದು ಬರೂದು ಬೇಡ."

ಮೂರನೆಯ ಶುಕ್ರವಾರ ಅದು ಬಂತು. ಬೆಳಗ್ಗೆ ಎಂಟರ ಹೊತ್ತು, ನೀರು ಇಳಿಯುತ್ತಿತ್ತು. ಮರದ ಮೀನಿನ ಹಿಂದೆ ಒಂದು ಉದ್ದನೆಯ ನೆರಳು, ಯಾವ ಅವಸರವೂ ಇಲ್ಲದೆ ಬರುತ್ತಿತ್ತು. ನನ್ನ ಕಾಲಿನಿಂದ ಎರಡು ಮಾರು ದೂರ. ನನ್ನ ಕೈ ನಿಂತಿತು. ಮರದ ಮೀನು ನೀರಿನಲ್ಲಿ ಮುಗ್ಗರಿಸಿ ನಿಂತಿತು. ಬರಾಕುಡಾ ಅದನ್ನು ನೋಡಿತು, ನನ್ನನ್ನು ನೋಡಿತು, ಇಬ್ಬರಲ್ಲೂ ಆಸಕ್ತಿ ಕಳೆದುಕೊಂಡು ಹೊರಟುಹೋಯಿತು.

ನಾಲ್ಕನೆಯ ಶುಕ್ರವಾರವೂ ಹಾಗೆಯೇ ಆಯಿತು. ಒಮ್ಮೆಯಲ್ಲ, ಎರಡು ಸಲ.

ಗುರುಗಳು ಸ್ಟೂಲಿನಿಂದ ಎದ್ದು ನೀರಿನ ಅಂಚಿಗೆ ಬಂದರು. "ನಿಲ್ಲಿಸೂದು ಯಾಕೆ?"

"ನಾನು ನಿಲ್ಲಿಸುವುದಲ್ಲ. ಅದು ಬಂದ ಕೂಡಲೇ ಕೈ ತಾನೇ ನಿಲ್ಲುತ್ತದೆ."

"ಎಂತಕ್ಕೆ? ಅದು ನಿಮ್ಮ ಮಾವನಾ? ಎದ್ದು ನಿಂತು ನಮಸ್ಕಾರ ಮಾಡ್ಲಿಕ್ಕೆ?"

ಇದನ್ನು ಅವರು ಹಂಗಿಸಲು ಹೇಳಿದ್ದು, ಆದರೆ ವಿಷಯ ಅಷ್ಟೇ ಇತ್ತು. ನಾನು ಬೆಳೆದ ಮನೆಯಲ್ಲಿ ದೊಡ್ಡವರು ಒಳಗೆ ಬಂದರೆ ಕೈಯಲ್ಲಿದ್ದದ್ದು ನಿಲ್ಲಬೇಕು. ಬೀಸಣಿಗೆ ನಿಲ್ಲಬೇಕು, ಆಟ ನಿಲ್ಲಬೇಕು, ಅಗಿಯುತ್ತಿದ್ದ ಬಾಯಿ ಕೂಡ ನಿಲ್ಲಬೇಕು. ಅಲ್ಲಿಂದ ಆಫೀಸಿಗೆ ಬಂದೆ. ಅಲ್ಲಿ ಮ್ಯಾನೇಜರು ನಮ್ಮ ಸಾಲಿಗೆ ಕಾಲಿಟ್ಟರೆ ಟೈಪಿಂಗ್ ನಿಲ್ಲುತ್ತಿತ್ತು, ಎಲ್ಲರೂ ಕತ್ತೆತ್ತುತ್ತಿದ್ದೆವು. ನಲವತ್ತು ವರ್ಷದ ಅಭ್ಯಾಸ. ಉದ್ದ ಮುಖದ, ಬಿಗಿದ ದವಡೆಯ, ಗಂಭೀರ ಕಣ್ಣಿನ ಯಾವುದೇ ಆಕೃತಿ ಹತ್ತಿರ ಬಂದರೆ ನನ್ನ ಕೈಗೆ ಒಂದೇ ವಿಷಯ ಗೊತ್ತಿತ್ತು.

ಇದನ್ನು ವಿವರಿಸಿದಾಗ ಗುರುಗಳು ಮರದ ಮೀನನ್ನು ತರಿಸಿಕೊಂಡು ಅದಕ್ಕೆ ಮತ್ತೊಮ್ಮೆ ಎಣ್ಣೆ ಸವರಿದರು.

"ನಮ್ಮ ಹೋಟೆಲಲ್ಲಿ ಶೆಫ್ ಬಂದ್ರೆ ಕೈ ಓಡ್ಬೇಕು," ಎಂದರು. "ಕೆಲಸ ಇಲ್ಲದಿದ್ರೂ ಓಡ್ಬೇಕು. ಒಂದು ಡಬ್ಬಿ ಎತ್ತಿ ಇನ್ನೊಂದು ಕಡೆ ಇಡ್ಬೇಕು. ನಿಂತ್ರೆ ಖಲಾಸ್. ನಿಮ್ಮ ಆಫೀಸಿನವ್ರಿಗೆ ಸಂಬಳ ಯಾಕೆ ಕೊಡ್ತಾರೆ ಅಂತ ನನಗೆ ಗೊತ್ತಾಗೂದಿಲ್ಲ."

ಅಂದಿನಿಂದ ನನ್ನ ತರಬೇತಿ ಮನೆಯಲ್ಲೇ ಶುರುವಾಯಿತು. ಹಜಾರದ ಒಂದು ತುದಿಯಲ್ಲಿ ನಾನು ಕೋಲು ಹಿಡಿದು ನಿಲ್ಲುವುದು, ಇನ್ನೊಂದು ತುದಿಯಿಂದ ಮರದ ಮೀನಿನ ಬದಲು ದಾರಕ್ಕೆ ಕಟ್ಟಿದ ಒಂದು ಚಮಚವನ್ನು ಎಳೆಯುವುದು, ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದ ಕೂಡಲೇ ವೇಗ ಹೆಚ್ಚಿಸುವುದು. ಗುರುಗಳು ಸೋಫಾದಲ್ಲಿ ಕೂತು ತೀರ್ಪು ಕೊಡುವುದು.

"ಅಕ್ಕ, ಇನ್ನೊಂದು ಸಲ ಬನ್ನಿ. ಸ್ವಲ್ಪ ಸಿಟ್ಟಲ್ಲಿ ಬನ್ನಿ."

"ಸಿಟ್ಟು ನೀವು ಹೇಳಿ ಬರ್ಬೇಕಾ?" ಎಂದಳು ಅವಳು. "ನನಗೆ ಸಾರು ಕುದೀತಾ ಉಂಟು. ನಾನು ಎಂತ ಮೀನಾ?" ಆದರೂ ಬಂದಳು. ಅವಳು ಬಂದ ರೀತಿಗೆ ನನ್ನ ಕೈ ಮೂರು ಸಲ ನಿಂತಿತು, ನಾಲ್ಕನೆಯ ಸಲ ಓಡಿತು. ಅಭ್ಯಾಸಕ್ಕೆಂದು ಆಫೀಸಿನಲ್ಲೂ ಮ್ಯಾನೇಜರು ಬಂದಾಗ ಕತ್ತೆತ್ತದೆ ಜೋರಾಗಿ ಟೈಪ್ ಮಾಡಿದೆ. ಅವರು ನನ್ನ ಹಿಂದೆ ಒಂದು ನಿಮಿಷ ನಿಂತು ನೋಡಿದರು. ಮಧ್ಯಾಹ್ನ ಪಕ್ಕದವನ ಫೈಲುಗಳು ನನ್ನ ಮೇಜಿಗೆ ಬಂದವು.

ಐದನೆಯ ಶುಕ್ರವಾರ ಗಾಳಿ. ಮರಳು ಹಲ್ಲಿನ ಸಂದಿಗೆ ಬಂತು, ನೀರು ಚಹಾದಂತೆ ಕದಡಿತ್ತು. ಆರನೆಯದೂ ಹಾಗೆಯೇ. ಹಿಂದಿರುಗುವಾಗ ಗುರುಗಳು ಕಾರಿನಲ್ಲಿ ಮರದ ಮೀನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ನೋಡುತ್ತಿದ್ದರು. "ಬಾಲ ಸ್ವಲ್ಪ ದಪ್ಪ ಆಯ್ತೇನೋ," ಎಂದರು. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯದೆ ಬಾಲದ ಮೇಲೆ ಸಂಶಯಪಟ್ಟಾಗ, ಆ ದುರ್ನಾತದ ವಸ್ತುವಿನ ಪರವಾಗಿ ನನಗೆ ಕೋಪ ಬಂತು. "ಬಾಲ ಸರಿಯಾಗಿಯೇ ಇದೆ," ಎಂದೆ, ಬಾಲದ ವಿಷಯ ಏನೂ ತಿಳಿಯದೆ.

ಏಳನೆಯ ಶುಕ್ರವಾರ ಗಾಳಿ ನಿಂತಿತ್ತು. ಬೆಳಗಿನ ಆರರಿಂದ ಎಸೆದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು, ಅದಕ್ಕೆ ಬೂತಾಯಿ ಎಣ್ಣೆ ಇಳಿಯಿತು. ಹತ್ತು ಗಂಟೆ ದಾಟಿದ ಮೇಲೆ ನೆರಳು ಬಂತು. ಹಿಂದಿನವುಗಳಿಗಿಂತ ದೊಡ್ಡದು, ಹಿಂದಿನವುಗಳಷ್ಟೇ ಗಂಭೀರ. ಕೈ ನಿಲ್ಲಲು ಸಿದ್ಧವಾಯಿತು. ಅದು ನನಗೆ ಸ್ಪಷ್ಟವಾಗಿ ತಿಳಿಯಿತು.

"ಶೆಫ್ ಬಂದ," ಎಂದರು ಗುರುಗಳು ಹಿಂದಿನಿಂದ, ಮೆಲ್ಲಗೆ.

ಕೈ ಓಡಿತು. ಕೋಲಿನ ತುದಿಯನ್ನು ನೀರಿಗಿಳಿಸಿ, ನನ್ನ ಮೊಣಕಾಲಿನ ಎದುರಿಗೇ ಮರದ ಮೀನನ್ನು ತಿರುಗಿಸಿದೆ. ಬರಾಕುಡಾ ನುಗ್ಗಿ ಅದನ್ನು ಕಚ್ಚಿತು, ನೀರು ಒಡೆದು ಮುಖಕ್ಕೆ ಬಡಿಯಿತು, ಬಾಯಿಗೂ ಹೋಯಿತು. ಮುಂದಿನದ್ದರಲ್ಲಿ ಘನತೆ ಏನೂ ಇರಲಿಲ್ಲ. ರೀಲು ತಿರುಗಿಸುವ ಬದಲು ನಾನು ಕೋಲನ್ನು ಹೆಗಲಿಗೇರಿಸಿಕೊಂಡು ದಡದ ಕಡೆ ನಡೆದೆ, ಬಿದ್ದೆ, ಎದ್ದೆ, ಆ ಪ್ರಾಣಿಯನ್ನು ಕೆಸರಿನ ಮೇಲೆ ಎಳೆದು ತಂದೆ. ಅದು ಲೋಳೆ ಸುರಿಸುತ್ತಾ ನನ್ನ ಪಾದದ ಮೇಲೆ ಹೊರಳಿ, ಬಾಯಿ ತೆರೆದು, ಅರ್ಧ ಜೀರ್ಣವಾದ ಇನ್ನೊಂದು ಮೀನನ್ನು ಕಾಲ್ಬೆರಳುಗಳ ಮೇಲೆ ಕಕ್ಕಿತು. ಅದು ಬೆಚ್ಚಗಿತ್ತೋ ತಣ್ಣಗಿತ್ತೋ ಎಂದು ಯೋಚಿಸದಿರಲು ನಾನು ಇಂದಿಗೂ ಪ್ರಯತ್ನಿಸುತ್ತೇನೆ.

ಗುರುಗಳು ಮೀನನ್ನು ನೋಡಲೇ ಇಲ್ಲ. ಇಕ್ಕಳದಿಂದ ಕೊಕ್ಕೆ ಬಿಡಿಸಿದರು, ಮರದ ಮೀನನ್ನು ತಮ್ಮ ಅಂಗಿಗೆ ಒರೆಸಿದರು, ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ಬಣ್ಣ ಸುಲಿದು ಒಳಗಿನ ಮರ ಕಾಣುತ್ತಿತ್ತು. ಹಲ್ಲು ಆಳಕ್ಕೆ ಇಳಿದ ಗುರುತುಗಳು ಎರಡೂ ಬದಿಗೆ ಇದ್ದವು. ಹೆಬ್ಬೆರಳಿನ ಉಗುರಿನಿಂದ ಒಂದೊಂದನ್ನೂ ಮುಟ್ಟಿ ನೋಡಿದರು.

"ಮರ ಒಡೀಲಿಲ್ಲ," ಎಂದರು.

"ಇಲ್ಲ."

"ಒಳ್ಳೆ ಲಟ್ಟಣಿಗೆ." ಮತ್ತೆ ಒಂದು ಸಲ ತಿರುಗಿಸಿ ನೋಡಿದರು. ಅವರ ಮುಖವನ್ನು ನಾನು ನೋಡಲಿಲ್ಲ. ಕಾಲು ತೊಳೆಯಲು ನೀರಿಗಿಳಿದಿದ್ದೆ. "ಯಲ್ಲಾ, ಹೊರಡುವ," ಎಂದರು ಸ್ವಲ್ಪ ಹೊತ್ತಾದ ಮೇಲೆ, "ನಮಾಜಿನ ಮೊದಲು ಮನೆ ಸೇರುವ. ಆಮೇಲೆ ಪಾರ್ಕಿಂಗ್ ಸಿಕ್ಕೂದಿಲ್ಲ."

ಮೀನು ಮೂರು ಕಿಲೋ ಇತ್ತು. ಹೆಂಡತಿ ಅದನ್ನು ಒಳಗೆ ಬಿಡಲಿಲ್ಲ, ಕಟ್ಟಡದ ಕಾವಲುಗಾರನಿಗೆ ಕೊಟ್ಟೆ. ಗುರುಗಳು ಮಂಗಳವಾರ ಊರಿಗೆ ಹೋದರು. ಕೊಕ್ಕೆ ಬಿಚ್ಚಿದ ಮರದ ಮೀನು ಅವರ ಪೆಟ್ಟಿಗೆಯಲ್ಲಿತ್ತು.