ಮೊಣಕಾಲೆತ್ತರದ ದೀಪಗಳು

ಮದ್ದಿಕೇರದ ಕೆಂಪು ನೆಲದಲ್ಲಿ ಕಾಫಿ ಬೆಳೆಯುತ್ತೇನೆ ಎಂದಾಗ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಬೇವು, ಹೊಂಗೆಯ ನೆರಳಲ್ಲಿ ಹನಿ ನೀರು ಕುಡಿದು ಗಿಡಗಳು ಬದುಕಿದವು. ಈ ವರ್ಷ ಮೊದಲ ಕಾಯಿ ಹಿಡಿದಾಗ ನಗು ನಿಂತು ಅನುಮಾನ ಶುರುವಾಯಿತು. ನಗುವೇ ವಾಸಿಯಿತ್ತು.

ಎಲ್ಲ ಆ ದೀಪಗಳಿಂದಲೇ. ತೋಟ ನೋಡಲು ಬರುವವರಿಗೆಂದು ಒಂದು ಮಣ್ಣಿನ ಕೋಣೆ ಕಟ್ಟಿಸಿದ್ದೆ. ಹಗಲು ಕರೆಂಟು ಯಾಕೆಂದು ನಮ್ಮ ಹಳೆಯ ಮನೆಗಳಂತೆ ಮಾಳಿಗೆಯಲ್ಲಿ ಬೆಳಕಿಂಡಿ ಬಿಡಿಸಿದೆ. ಸಂಜೆಗೆ ಸೋಲಾರ್. ಎತ್ತರದ ಕಂಬಕ್ಕೆ ಬಿಳಿ ಬಲ್ಬು ಹಾಕಿದರೆ ಊರಿನ ಹುಳಗಳೆಲ್ಲ ಬಂದು ಕಾಫಿ ಲೋಟಕ್ಕೇ ಬೀಳುತ್ತವೆ, ಬ್ಯಾಟರಿಯೂ ಬೇಗ ಖಾಲಿ. ಅದಕ್ಕೇ ಕಾಲುದಾರಿಯುದ್ದಕ್ಕೂ ಮೊಣಕಾಲೆತ್ತರದ ಸಣ್ಣ ಹಳದಿ ದೀಪ ನೆಟ್ಟು, ಒಡೆದ ಮಡಕೆಯ ಟೋಪಿ ಹಾಕಿದೆ. ಬೆಳಕು ನೆಲಕ್ಕಷ್ಟೇ ಬೀಳುತ್ತಿತ್ತು.

ಮೊದಲ ಮಳೆ ಬಿದ್ದ ಮೇಲೆ ತಲೆ ತಗ್ಗಿಸಿಕೊಂಡು ಹೊಲ ಹೊಲ ತಿರುಗಿ ವಜ್ರ ಹುಡುಕುವ ಜನ ನಮ್ಮವರು. ನೆಲಕ್ಕೆ ದೀಪ ಹಿಡಿದವಳನ್ನು ಸುಮ್ಮನೆ ಬಿಡುತ್ತಾರೆಯೇ? ಪಕ್ಕದ ಹೊಲದವನು ಬೇಲಿಯಾಚೆಯಿಂದ ಕಣ್ಣು ಮಿಟುಕಿಸಿ, ಅರ್ಧ ತೆಲುಗಿನಲ್ಲಿ ಕೇಳಿದ.

"ಏಮಕ್ಕಾ, ದೊರಿಕಿಂದಾ? ವಜ್ರ ಸಿಕ್ಕೈತಂತಲ್ಲ!"

"ಸಿಕ್ಕೈತಿ, ನಿನ್ನ ತಲಿ!" ಎಂದೆ.

ಸುದ್ದಿ ಹಬ್ಬಿಸಿದ್ದು ಯಾರು? ನನ್ನ ಅನುಮಾನವೆಲ್ಲ ಅತ್ತೆಯ ಮೇಲೆ. ಸಂಜೆ ದೀಪ ಹತ್ತಿದೊಡನೆ ಕೈ ಮುಗಿಯುವ ನೆಪದಲ್ಲಿ ಬಗ್ಗಿ ಒಂದೊಂದು ಮಡಕೆಯ ಕೆಳಗೂ ಇಣುಕುತ್ತಿದ್ದರು. ನಾನು ಕೆಮ್ಮಿದರೆ, "ಯಾಕ, ದೀಪಕ್ಕ ಕೈ ಮುಗಿಬಾರದೇನು?" ಎಂದು ನನ್ನನ್ನೇ ಕೇಳುವರು. ಆಮೇಲೆ ನೇರ ಓಣಿಯ ಕಟ್ಟೆಗೆ. ಇಂಥ ಬಾಯಿ ಮನೆಯಲ್ಲಿದ್ದರೆ ಹೊರಗಿನ ಶತ್ರು ಯಾಕೆ ಬೇಕು?

ಮೊದಲ ಮಳೆ ಬಂದ ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಜನವೋ ಜನ. ಕೊನೆಗೂ ತೋಟ ನೋಡಲು ಬಂದರಲ್ಲ ಎಂದು ಹಿಗ್ಗಿ, ಗೇಟು ತೆರೆದು, ಒಳಗೆ ಕಾಫಿಗೆ ನೀರಿಟ್ಟು ಬಂದೆ. ನೋಡಿದರೆ ಒಬ್ಬರೂ ತಲೆ ಎತ್ತಿಲ್ಲ. ದೀಪದ ಬುಡ ಕೆದರುತ್ತಿದ್ದಾರೆ. ಒಬ್ಬನಂತೂ ಗಿಡದ ಬೇರಿಗೇ ಗುದ್ದಲಿ ಹಾಕಿದ್ದ. ಮಗುವಿನ ಹಾಗೆ ಸಾಕಿದ ಗಿಡ!

ಅಷ್ಟರಲ್ಲಿ ಅತ್ತೆ ಕೋಲು ಬೀಸುತ್ತ ನುಗ್ಗಿದರು. "ಏಳ್ರಿ ಮ್ಯಾಲೆ! ಇಲ್ಲಿ ಕಾಫಿ ಬಿಟ್ರ ಮತ್ತೇನೂ ಇಲ್ಲ. ನನ್ನ ಸೊಸಿ ಗಿಡ ಮುಟ್ಟಿದ್ರ ಕೈ ಮುರೀತೀನಿ!"

ಗುದ್ದಲಿಯವನೇ ಮೊದಲು ಓಡಿದ. ಉಳಿದವರು ಗೊಣಗುತ್ತ ಹೋದರು. ಒಂದು ಗಿಡ ವಾಲಿತ್ತು, ಅಷ್ಟೆ. ಅದರ ಬುಡಕ್ಕೆ ಮಣ್ಣು ಒತ್ತುತ್ತಿದ್ದಂತೆ ಅಳು ಬಂತು. ಊರು ನಂಬದಿದ್ದರೆ ಹಾಳಾಗಿ ಹೋಗಲಿ, ನಮ್ಮತ್ತೆ ನಂಬಿದರಲ್ಲ!

ಅತ್ತೆ ಗೇಟು ಹಾಕಿ, ಚಿಲಕ ಎಳೆದು, ನನ್ನ ಕಿವಿಯ ಹತ್ತಿರ ಬಂದರು.

"ಈಗ ಹೇಳವ್ವ. ಎಲ್ಲಿ ಇಟ್ಟೀದಿ ಅದನ್ನ?"

ಏನು ಹೇಳಲಿ ಈ ಮುದುಕಿಗೆ? ಉದುರಿದ್ದ ಹಸಿರು ಕಾಯೊಂದನ್ನು ಹೆಕ್ಕಿ ಅವರ ಅಂಗೈಯಲ್ಲಿಟ್ಟೆ. "ಇರೋದು ಇದೊಂದ, ಅತ್ತಿ."

ಅತ್ತೆ ಅದನ್ನು ಹೊರಳಿಸಿ ನೋಡಿ, ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡರು. ಆಮೇಲೆ, ಯಾರಾದರೂ ನೋಡಿದರೇನೋ ಎಂದು ಬೇಲಿಯತ್ತ ತಿರುಗಿದರು.