ನಾಲ್ಕು ಗಂಟೆಯ ಹಗ್ಗ

ಮೊರಿವಕಿ ಇಕುಯೊ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಕಾಲದಲ್ಲಿ, ತಟ್ಟೆಯಲ್ಲಿ ಕ್ಯಾರೆಟ್ ಬಿಟ್ಟು ಎದ್ದ ಮಗು ನಮ್ಮ ದ್ವೀಪದಲ್ಲಿ ಒಂದೂ ಇರಲಿಲ್ಲ. ಅತ್ತರೂ ಬಿಡುತ್ತಿರಲಿಲ್ಲ, ಮೇಷ್ಟ್ರು ಬಂದು ಹೇಳಿದರೂ ಬಿಡುತ್ತಿರಲಿಲ್ಲ. ಇವತ್ತು ಪಟ್ಟಣದ ಕಚೇರಿಯಲ್ಲಿ ಕುಳಿತು ದೊಡ್ಡ ಮಾತಾಡುವ ಕುವಾನೊ ಕೂಡ ಅವಳೆದುರು ಮೂಗು ಹಿಡಿದುಕೊಂಡು ಕ್ಯಾರೆಟ್ ನುಂಗಿದವನೇ. ಹಾಗಾಗಿ ದ್ವೀಪದಲ್ಲಿ ಟ್ರಯಥ್ಲಾನ್ ಶುರುವಾಗಿ, ಓಟದ ಕೊನೆಯ ತಡೆಗೆ ಯಾರ ಕಣ್ಣೀರಿಗೂ ಕರಗದ ಒಬ್ಬರು ಬೇಕು ಎಂದಾಗ ಯಾರೂ ತಲೆ ಕೆರೆದುಕೊಳ್ಳಲಿಲ್ಲ.

ತಡೆ ಇರುವುದು ಅದೇ ಶಾಲೆಯ ಗೇಟಿನ ಮುಂದೆ. ಶಾಲೆ ಮುಚ್ಚಿಹೋಗಿದೆ, ಗೇಟು ಮಾತ್ರ ಉಳಿದಿದೆ. ಬೆಳಿಗ್ಗೆ ಸಮುದ್ರದಲ್ಲಿ ಈಜಿ, ಆಮೇಲೆ ಸೈಕಲ್ ಮೇಲೆ ದ್ವೀಪ ಸುತ್ತಿ, ಕೊನೆಗೆ ಬಿಸಿಲಲ್ಲಿ ಓಡಿಕೊಂಡು ಬರುವವರು ನಾಲ್ಕು ಗಂಟೆಯೊಳಗೆ ಆ ಗೇಟು ದಾಟಬೇಕು. ದಾಟಿದರೆ ಮುಂದೆ ಬಂದರಿನವರೆಗೂ ಇಳಿಜಾರು. ಕುಂಟಿಕೊಂಡು ಹೋದರೂ ಮುಗಿಸಿದ ಹಾಗೆಯೇ. ನಾಲ್ಕಕ್ಕೆ ಕಹಳೆ ಊದುತ್ತಾರೆ, ಇಕುಯೊ ರಸ್ತೆಗೆ ಅಡ್ಡ ಹಗ್ಗ ಎಳೆಯುತ್ತಾಳೆ. ಆಮೇಲೆ ಬಂದವರು ಹೊತ್ತು ಅಳೆಯಲು ಕಾಲಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ಬಿಚ್ಚಿಕೊಟ್ಟು ಬಸ್ಸು ಹತ್ತಬೇಕು. ಹೊರನಾಡಿನಿಂದ ಬಂದ ಓಟಗಾರರು ಅವಳಿಗೆ ‘ನಾಲ್ಕು ಗಂಟೆಯ ರಾಕ್ಷಸಿ’ ಎಂದು ಹೆಸರಿಟ್ಟಿದ್ದರು. ಕೇಳಿಸದವಳಂತೆ ಇರುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು ಎಂಬುದು ನಮಗೆಲ್ಲ ಗೊತ್ತು.

ಇಂಥವಳಿಗೆ ಸಿಕ್ಕಿದ ಗಂಡ ತೊಕುಜಿ. ದ್ವೀಪದ ಮನೆಮನೆಗೂ ಗ್ಯಾಸ್ ಸಿಲಿಂಡರ್ ಹಾಕುವವನು. ‘ಬೇಡ’ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇಲ್ಲ. ಸಿಲಿಂಡರ್ ಇಳಿಸಿದ ಮನೆಯಲ್ಲೆಲ್ಲ ಟೀ ಕುಡಿಯುತ್ತಾನೆ, ಗೆಣಸಿನ ಕಡುಬು ತಿನ್ನುತ್ತಾನೆ, ಅಜ್ಜಿಯರ ಮಂಡಿನೋವು ಕೇಳುತ್ತಾನೆ. ಮುದುಕಿಯರೆಲ್ಲ ಅವನನ್ನು ತಮ್ಮ ಹೊಟ್ಟೆಯಲ್ಲೇ ಹುಟ್ಟಿದವನೆಂದು ತಿಳಿದಿದ್ದರು. ಒಂದೊಂದು ಮನೆ ಮುಚ್ಚಿದಾಗಲೂ ಅವನು ಹೋಗಿ ಖಾಲಿ ಸಿಲಿಂಡರ್ ಬಿಚ್ಚಿಕೊಂಡು ಬರುತ್ತಿದ್ದ. ಆ ದಿನ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಈಚೀಚೆಗೆ ಅವನ ಗಾಡಿ ಹೋಗುವಾಗ ಹಗುರ, ಬರುವಾಗಲೇ ಭಾರ.

ಗಂಡಹೆಂಡಿರ ಊರು ಶಿರಸೆ, ದ್ವೀಪದ ತುದಿಯ ಹಳ್ಳಿ. ಓಟ ಮುಗಿದ ಸಂಜೆ, ಮುಗಿಸಿದ ದ್ವೀಪದವರ ಹೆಸರನ್ನು ಊರಿನ ಸಮೇತ ಕಂಬದ ಧ್ವನಿವರ್ಧಕಗಳಲ್ಲಿ ಓದುವುದು ರೂಢಿ. ಎಲ್ಲ ಹಳ್ಳಿಗಳ ಹೆಸರೂ ಒಂದಲ್ಲ ಒಂದು ವರ್ಷ ಬಂದಿದೆ, ಶಿರಸೆಯದು ಬಂದಿಲ್ಲ. ಶಿರಸೆಯ ಹೆಸರು ಕಂಬದಿಂದ ಕೇಳಿಬರುವುದು ಯಾರಾದರೂ ಸತ್ತಾಗ ಮಾತ್ರ. ಮುಂದಿನ ಓಟ ಕಳೆದು ಬರುವ ವಸಂತಕ್ಕೆ ಶಿರಸೆಯನ್ನು ಪಕ್ಕದ ಹಳ್ಳಿಗೆ ಸೇರಿಸಿ ಆ ಹೆಸರನ್ನೇ ತೆಗೆದುಹಾಕುತ್ತಾರೆಂದು ಗೊತ್ತಾದ ಮೇಲೆ ತೊಕುಜಿಗೆ ಅದೊಂದೇ ಹುಚ್ಚು ಹಿಡಿಯಿತು. ಒಂದು ಸಲ, ಒಂದೇ ಒಂದು ಸಲ, ಸಾವಿಲ್ಲದೆ ಶಿರಸೆಯ ಹೆಸರು ಕಂಬದಲ್ಲಿ ಕೇಳಬೇಕು.

ಅದಕ್ಕೆ ಮೊದಲೂ ಅವನು ಓಡಿದ್ದ. ಮೊದಲ ಸಲ ಸಮುದ್ರದಿಂದಲೇ ದೋಣಿಗೆ ಎತ್ತಿ ಹಾಕಿದ್ದರು. ಆಮೇಲಿನ ಎರಡು ಸಲ ಈಜಿದ, ಸೈಕಲ್ ತುಳಿದ, ಓಡಿದ, ತಡೆಗೆ ಬರುವಾಗ ಹಗ್ಗ ಬಿದ್ದಿತ್ತು. ಕಾಲಿನಲ್ಲಿ ಶಕ್ತಿ ಇರಲಿಲ್ಲವೆಂದಲ್ಲ. ದಾರಿಯುದ್ದಕ್ಕೂ ಹಳ್ಳಿಗೊಂದು ಮೇಜು ಹಾಕಿ ಮುದುಕಿಯರು ಬಾರ್ಲಿ ಟೀ, ಅನ್ನದ ಉಂಡೆ, ಉಪ್ಪಿನಲ್ಲಿ ಹಾಕಿದ ಉಮೆ ಕಾಯಿ ಕೊಡುತ್ತಾರೆ. ಹೊರಗಿನವರು ಓಡುತ್ತಲೇ ಕಸಿದುಕೊಂಡು ಹೋಗುತ್ತಾರೆ. ತೊಕುಜಿ ನಿಲ್ಲುತ್ತಿದ್ದ. ತಲೆಬಾಗಿ ನಮಸ್ಕಾರ ಮಾಡಿ, ಎರಡೂ ಕೈಯಲ್ಲಿ ತೆಗೆದುಕೊಂಡು, ತಿಂದು ಮುಗಿಸಿ, ಚೆನ್ನಾಗಿದೆ ಎಂದು ಹೇಳಿ, ಎರಡನೆಯ ಅಜ್ಜಿಯ ಉಂಡೆಯನ್ನೂ ತಿಂದು, ಮತ್ತೆ ತಲೆಬಾಗಿ, ಆಮೇಲೆ ಓಡುತ್ತಿದ್ದ.

“ರೀ, ನೀವು ಓಡೋಕೆ ಹೋಗಿದ್ರೋ, ಊಟಕ್ಕೆ ಹೋಗಿದ್ರೋ?” ಎಂದು ಇಕುಯೊ ಮೂರನೆಯ ಸಲ ಸೋತ ವರ್ಷ ಮನೆಗೆ ಬಂದು ಕೂಗಾಡಿದಳು.

“ಕೊಡ್ತಾರಲ್ಲೇ, ಏನು ಮಾಡ್ಲಿ? ಬೆಳಿಗ್ಗೆ ಎದ್ದು ಅನ್ನ ಮಾಡಿರ್ತಾರೆ. ಮುಖ ತಿರುಗಿಸ್ಕೊಂಡು ಹೋಗ್ಲಾ?”

“ಹೋಗಿ. ಓಟ ಅಂದ್ರೆ ಅದೇ.”

“ನಾಳೆ ಬೆಳಿಗ್ಗೆ ಸಿಲಿಂಡರ್ ಹೊತ್ಕೊಂಡು ಅದೇ ಮನೆ ಬಾಗಿಲಿಗೆ ಹೋಗ್ಬೇಕಲ್ಲ ನಾನು!”

ಆ ಚಳಿಗಾಲ ಓಟದ ಉಸ್ತುವಾರಿ ಹೊತ್ತ ಕುವಾನೊ ಸಭೆ ಕರೆದು, ಮುಂದಿನ ಜೂನ್‌ನದೇ ಕೊನೆಯ ಓಟ ಎಂದು ಹೇಳಿದ. ತಿರುವಿನಲ್ಲಿ ನಿಲ್ಲಲು ಜನ ಇಲ್ಲ, ಮೇಜು ಹೊರಲು ಕೈ ಇಲ್ಲ. ಯಾರೂ ಎದುರು ಮಾತಾಡಲಿಲ್ಲ, ಮಾತಾಡುವವರು ಯಾವತ್ತೋ ದ್ವೀಪ ಬಿಟ್ಟಿದ್ದರು. ಅವತ್ತು ಮನೆಗೆ ಬಂದ ತೊಕುಜಿ ಬೂಟು ಬಿಚ್ಚದೆ ಹೊಸ್ತಿಲಲ್ಲೇ ಕುಳಿತ. ಇಕುಯೊ ಬೈಯಲಿಲ್ಲ. ಓಟದ ಹೊತ್ತು ಅಳೆಯುವ ಗಡಿಯಾರ ಹುಡುಕಿ ತೆಗೆದಳು.

ಆಮೇಲೆ ನಡೆದದ್ದು ತಯಾರಿಯಲ್ಲ, ಶಿಕ್ಷೆ. ಹಡಗು ಹೊರಟ ಮೇಲೆ ಬಂದರಿನ ತಣ್ಣೀರಿಗೆ ಅವನನ್ನು ಇಳಿಸುತ್ತಿದ್ದಳು, ತಾನು ಕಟ್ಟೆಯ ಮೇಲೆ ಕಂಬಳಿ ಹೊದ್ದು ನಿಲ್ಲುತ್ತಿದ್ದಳು. ಸಂಜೆ ಅವನು ಮುಂದೆ ಓಡಿದರೆ ಹಿಂದಿನಿಂದ ಗ್ಯಾಸಿನ ಗಾಡಿ ಓಡಿಸಿಕೊಂಡು ಬಂದು ಕಿಟಕಿಯಿಂದ ಬೈಯುತ್ತಿದ್ದಳು. “ಮೊಣಕೈ ಒಳಗೆ! ಬಾತುಕೋಳಿ ಥರ ಅಲ್ಲಾಡಬೇಡಿ!” ನಾವೆಲ್ಲ ನಕ್ಕೆವು. ಮೇ ಬರುವ ಹೊತ್ತಿಗೆ ನಗು ನಿಂತಿತು, ಏಕೆಂದರೆ ಅವನು ನಿಜವಾಗಿಯೂ ಓಡುತ್ತಿದ್ದ. ಎಲ್ಲೂ ನಿಲ್ಲದೆ ಬಂದರೆ ನಾಲ್ಕಕ್ಕೆ ಮೊದಲೇ ತಡೆ ದಾಟುತ್ತಾನೆಂದು ಇಕುಯೊಗೆ ಖಾತ್ರಿಯಾಯಿತು. ಎಲ್ಲೂ ನಿಲ್ಲದೆ ಬಂದರೆ.

ಅದಕ್ಕಾಗಿ, ಓಟಕ್ಕೆ ಕೆಲವೇ ದಿನ ಇರುವಾಗ, ಅವಳು ಯಾರಿಗೂ ಹೇಳದೆ ಹಳ್ಳಿಹಳ್ಳಿಗೂ ಹೋದಳು. ಕೈಯಲ್ಲಿ ಸಿಹಿ ಡಬ್ಬಿ. ಅಜ್ಜಿಯರ ಮುಂದೆ ಮಂಡಿಯೂರಿ, ಈ ಒಂದು ಸಲ ನನ್ನ ಗಂಡನಿಗೆ ಏನೂ ಕೊಡಬೇಡಿ, ಏನೂ ಕೇಳಬೇಡಿ ಎಂದು ಬೇಡಿಕೊಂಡಳು. ಬೇಡಿಕೊಳ್ಳುವುದು ಅವಳಿಗೆ ಬರುವ ವಿದ್ಯೆಯಲ್ಲ, ಕಿವಿಯವರೆಗೂ ಕೆಂಪಾಗುತ್ತಿದ್ದಳು. ಶಿರಸೆಯ ಮೇಜಿನ ಯಜಮಾನತಿ ತೊಮೆ ಅಜ್ಜಿ. ತೊಂಬತ್ತು ದಾಟಿದರೂ ನಾಲಿಗೆ ಹರಿತ.

“ಅಂದ್ರೆ ನನ್ನ ಅನ್ನದುಂಡೆ ಅವನ ಕಾಲಿಗೆ ತೊಡಕು ಅಂತೀಯಾ?”

“ಹಾಗಲ್ಲ ಅಜ್ಜಿ...”

“ಹಾಗೇ ಕಣೇ. ಇರ್ಲಿ ಬಿಡು. ಚೆನ್ನಾಗಿದ್ದೀಯಾ ಮಗಾ ಅಂತಾದ್ರೂ ಕೇಳ್ಬಹುದಾ?”

“ಕೇಳಿದ್ರೆ ಅವ್ರು ನಿಂತು ಉತ್ತರ ಕೊಡ್ತಾರೆ. ಮುಖ ನೋಡಿದ್ರೂ ನಿಲ್ತಾರೆ.”

“ಹೌದು, ನಿಲ್ತಾನೆ ಕತ್ತೆ,” ಎಂದು ಅಜ್ಜಿ ಒಪ್ಪಿದಳು. “ಸರಿ ಹೋಗು. ಬಾಯಿಗೆ ಬೀಗ ಹಾಕ್ಕೋತೀವಿ. ಮುಖಾನೂ ಎತ್ತಲ್ಲ. ಶಿರಸೆ ಹೆಸರು ನಾನೂ ಒಂದ್ಸಲ ಕೇಳಿ ಸಾಯ್ತೀನಿ.”

ಇಕುಯೊ ಹಗುರಾಗಿ ಮನೆಗೆ ಬಂದಳು. ತಾನು ಏನು ಮಾಡಿಟ್ಟಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ. ನಮಗೂ ಹೊಳೆಯುತ್ತಿರಲಿಲ್ಲ.

ಓಟದ ದಿನ ಗಾಳಿ ಇರಲಿಲ್ಲ, ಸಮುದ್ರ ಸುಮ್ಮನಿತ್ತು. ತೊಕುಜಿ ಈಜಿ ಬಂದ, ಸೈಕಲ್ ಮುಗಿಸಿದ. ಇಕುಯೊ ಹಳದಿ ಟೋಪಿ ಹಾಕಿಕೊಂಡು ಶಾಲೆಯ ಗೇಟಿನ ಬಳಿ ಮಡಚುವ ಕುರ್ಚಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಕುವಾನೊ, ಮೇಜಿನ ಮೇಲೆ ವೈರ್‌ಲೆಸ್. ತಿರುವುಗಳಲ್ಲಿ ನಿಂತವರು ಅದರಲ್ಲಿ ಸುದ್ದಿ ಕೊಡುತ್ತಿದ್ದರು. ಶಿರಸೆಯ ತಿರುವಿನಲ್ಲಿದ್ದವನು ಅದಾಚಿ, ತೊಕುಜಿಯ ಜೊತೆ ಓದಿದವನು. ಮೂರು ದಾಟಿ ಸ್ವಲ್ಪ ಹೊತ್ತಾದಾಗ ಅವನ ದನಿ ಕೇಳಿತು.

“ತೊಕುಜಿ ಬಂದ! ಏನು ಓಡ್ತಿದ್ದಾನೆ ನೋಡಿ! ಇಕುಯೊ, ಕೇಳಿಸ್ತಾ? ಆರಾಮಾಗಿ ದಾಟ್ತಾನೆ!”

ಅವಳು ಟೋಪಿ ಸರಿಮಾಡಿಕೊಂಡಳು. ಕಣ್ಣಲ್ಲಿ ನೀರು ತುಂಬಿತು, ಬೆವರೆಂದು ಒರೆಸಿಕೊಂಡಳು. ಅಷ್ಟರಲ್ಲಿ ವೈರ್‌ಲೆಸ್ ಮತ್ತೆ ಕರಕರ ಎಂದಿತು.

“ಅಯ್ಯೋ, ನಿಂತ.”

“ಯಾಕೆ?” ಅವಳು ಕುವಾನೊನ ಕೈಯಿಂದ ಅದನ್ನು ಕಿತ್ತುಕೊಂಡಳು. “ಏನಾದ್ರೂ ಕೊಟ್ರಾ?”

“ಏನೂ ಕೊಟ್ಟಿಲ್ಲ. ಮುದುಕೀರು ಎಲ್ಲಾ ಸಾಲಾಗಿ ತಲೆ ಬಗ್ಗಿಸ್ಕೊಂಡು ಸುಮ್ನೆ ನಿಂತಿದ್ದಾರೆ. ಇವನು ಟೋಪಿ ತೆಗೆದ. ಯಾರು ಹೋದ್ರು, ಯಾರು ಹೋದ್ರು ಅಂತ ಕೇಳ್ತಿದ್ದಾನೆ.”

ಇಕುಯೊ ಕುರ್ಚಿಯಿಂದ ಎದ್ದಳು. ರಸ್ತೆಯ ಪಕ್ಕ ಸಾಲಾಗಿ ತಲೆ ಬಗ್ಗಿಸಿ, ಮಾತಿಲ್ಲದೆ ನಿಲ್ಲುವುದು ನಮ್ಮ ದ್ವೀಪದಲ್ಲಿ ಹೆಣ ಹೋಗುವಾಗ ಮಾತ್ರ.

“ಯಾರೂ ಸತ್ತಿಲ್ಲ ಅನ್ನಿ! ಓಡು ಅನ್ನಿ ಅವ್ರಿಗೆ!”

“ಅಂದೆ! ನಂಬ್ತಿಲ್ಲ. ಹಿಂದಿನ ಮೂರು ಮೇಜಲ್ಲೂ ಹೀಗೇ ನಿಂತಿದ್ರಂತೆ, ಅಲ್ಲೂ ಕೈ ಮುಗಿದು ಬಂದಿದ್ದಾನೆ. ಯಾರೋ ದೊಡ್ಡವರೇ ಹೋಗಿರ್ಬೇಕು, ನನ್ನಿಂದ ಮುಚ್ಚಿಡ್ತಿದ್ದೀರಿ ಅಂತಾನೆ. ಇಕುಯೊ ಚೆನ್ನಾಗಿದ್ದಾಳಾ ಅಂತ ಕೇಳ್ತಿದ್ದಾನೆ.”

ಅವಳು ಉತ್ತರಕ್ಕೆಂದು ವೈರ್‌ಲೆಸ್ಸನ್ನು ಬಾಯಿಗೆ ಎತ್ತಿದಳು. ಅಷ್ಟರಲ್ಲಿ ವೈರ್‌ಲೆಸ್ಸಿನೊಳಗಿಂದ ತೊಮೆ ಅಜ್ಜಿಯ ಕೂಗು ಸಣ್ಣಗೆ ಕೇಳಿತು. “ನಿನ್ನ ಹೆಂಡ್ತೀನೇ ಕಣೋ ಮಾತಾಡ್ಬೇಡಿ ಅಂದಿದ್ದು! ಓಡೋ ಮುಠ್ಠಾಳ, ಓಡೋ!”

“ಹೊರಟ್ರಾ?” ಎಂದಳು ಇಕುಯೊ.

“ಇಲ್ಲ,” ಎಂದ ಅದಾಚಿ. ಅವನ ದನಿ ಬಿದ್ದುಹೋಗಿತ್ತು. “ನಿನ್ನ ಪರವಾಗಿ ತಪ್ಪಾಯ್ತು ಅಂತ ಒಬ್ಬೊಬ್ಬರ ಹತ್ರ ಕೇಳ್ಕೋತಿದ್ದಾನೆ... ಈಗ ಉಂಡೆ ಕೊಟ್ರು. ತಿಂತಿದ್ದಾನೆ. ಬೇಗ ಬೇಗನೇ ತಿಂತಿದ್ದಾನೆ, ಪಾಪ.”

ಅವಳು ವೈರ್‌ಲೆಸ್ಸನ್ನು ಮೇಜಿನ ಮೇಲಿಟ್ಟಳು. ಬೇರೆ ಯಾರ ಮೇಲಾದರೂ ಸಿಟ್ಟು ಮಾಡಲು ಬಂದಿದ್ದರೆ ಎಷ್ಟೋ ವಾಸಿಯಿತ್ತು.

ಕಹಳೆ ಊದಿದಾಗ ತಿರುವಿನಲ್ಲಿ ತೊಕುಜಿ ಕಾಣಿಸಿಕೊಂಡ. ಇಷ್ಟು ವರ್ಷದಲ್ಲಿ ಅವನು ಅಷ್ಟು ಜೋರಾಗಿ ಓಡಿದ್ದನ್ನು ಅವಳು ನೋಡಿರಲಿಲ್ಲ. ಅವಳ ಕೈ ತಾನಾಗಿಯೇ ಹಗ್ಗ ಎಳೆಯಿತು.

“ಇಕುಯೊ ಅಕ್ಕ, ಬಿಟ್ಬಿಡಿ,” ಕುವಾನೊ ಮೆಲ್ಲಗೆ ಹೇಳಿದ. “ಕೊನೇ ವರ್ಷ. ಯಾರು ಕೇಳ್ತಾರೆ? ನಾನೇ ಹೇಳ್ತಿದ್ದೀನಲ್ಲ.”

ರಸ್ತೆಯ ಅಂಚಿನಲ್ಲಿ ಒಸಾಕಾದಿಂದ ಬಂದವನೊಬ್ಬ ತಲೆಯ ಮೇಲೆ ಒದ್ದೆ ಟವಲ್ ಹಾಕಿಕೊಂಡು ಬಸ್ಸಿಗೆ ಕಾದು ಕುಳಿತಿದ್ದ. ಹಿಂದಿನ ತಡೆ ಹೇಗೋ ದಾಟಿ ಬಂದು ಇಲ್ಲಿ ಕಾಲು ಸೋತು ತಾನೇ ಕೈಚೆಲ್ಲಿದವನು. ಅವನೂ ಟವಲ್ ತೆಗೆದು, “ಬಿಡಿಯಮ್ಮಾ, ನಾವೇನೂ ಅಂದ್ಕೊಳ್ಳಲ್ಲ,” ಎಂದ. ಬಿಡಬೇಕೆಂದು ಅವಳಿಗೆ ಆಸೆಯಾಯಿತು. ಜೀವನದಲ್ಲಿ ಯಾವುದಕ್ಕೂ ಅಷ್ಟು ಆಸೆಪಟ್ಟವಳಲ್ಲ. ಆದರೆ ಈ ಹಗ್ಗಕ್ಕೆ ಹಣೆಯಿಟ್ಟು ಅತ್ತವರ ಮುಖಗಳೆಲ್ಲ ಅವಳಿಗೆ ನೆನಪಿದ್ದವು. ಗಂಡನಿಗಾಗಿ ಬಿಟ್ಟಳೆಂದರೆ ಶಿರಸೆಯ ಹೆಸರು ಕಂಬದಲ್ಲಿ ಕೇಳುವಾಗ ತೊಕುಜಿಯೇ ಕಿವಿ ಮುಚ್ಚಿಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

ತೊಕುಜಿ ಬಂದು ಹಗ್ಗದ ಎದುರು ನಿಂತ. ಬಿಡು ಎಂದು ಕೇಳಲಿಲ್ಲ. ಮೊದಲು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ, ಬದುಕಿದ್ದಾಳೋ ಎಂದು ಖಾತ್ರಿ ಮಾಡಿಕೊಳ್ಳುವವನ ಹಾಗೆ. ಅವನ ಗಲ್ಲದ ಮೇಲೆ ಒಂದು ಅನ್ನದ ಅಗುಳು ಅಂಟಿತ್ತು. ಆಮೇಲೆ ಎಲ್ಲರೂ ಮಾಡುವಂತೆ ಕಾಲು ಮುಂದೆ ಚಾಚಿದ. ಅವಳು ಬಗ್ಗಿ ಚಿಪ್ ಕಟ್ಟಿದ ಪಟ್ಟಿ ಬಿಚ್ಚಿದಳು.

ತಡೆಯಲ್ಲಿ ಓಟ ಮುಗಿದುಹೋದವರಿಗೆ ಪ್ರತಿ ವರ್ಷ ಹೇಳುವ ಮಾತೊಂದಿದೆ. ಈ ವರ್ಷ ಅದನ್ನು ಹೇಳಬಾರದು, ದಣಿದು ಬಂದಿದ್ದೀರಿ, ಧನ್ಯವಾದ ಎಂದಷ್ಟೇ ಹೇಳಿ ಎಂದು ಕುವಾನೊ ಬೆಳಿಗ್ಗೆ ಎಲ್ಲರಿಗೂ ತಿಳಿಸಿದ್ದ. ಒಸಾಕಾದವನಿಗೆ ಇಕುಯೊ ಸರಿಯಾಗಿಯೇ ಹೇಳಿದ್ದಳು. ಈಗ ಎದ್ದು ನಿಂತು, ಅಧಿಕಾರಿ ಓಟಗಾರನಿಗೆ ಬಾಗುವಂತೆ ಗಂಡನಿಗೆ ಬಾಗಿದಳು. ಬಾಯಿಗೆ ಬಂದದ್ದು ಹಳೆಯ ಮಾತೇ.

“ಮುಂದಿನ ವರ್ಷ ದಯವಿಟ್ಟು ಮತ್ತೆ ಬನ್ನಿ.”

ಕುವಾನೊ ಮುಖ ತಿರುಗಿಸಿಕೊಂಡ. ತೊಕುಜಿ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಅವಳಿಗಿಂತ ಆಳವಾಗಿ ಬಾಗಿದ.

“ಆಗ್ಲಿ,” ಎಂದ. “ಬರ್ತೀನಿ.”

ಮೊದಲು ಯಾರು ತಲೆ ಎತ್ತಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಬಸ್ಸಿನವನು ಹಾರ್ನ್ ಹಾಕುವವರೆಗೂ ನಡುವೆ ಹಗ್ಗ ಇಟ್ಟುಕೊಂಡು ಹಾಗೇ ನಿಂತಿದ್ದರು.